ಕೆಂದಿ ಮೂತಿ ತಿರುವಿದ ಗಿಡ

ಬನ್ನಿ, ಹತ್ತಿರ ಕೂತ್ಕೊಳ್ಳಿ. ಯಾರಿಗಾದರೂ ಕೆಮ್ಮು ಬರುವ ಹಾಗಿದ್ದರೆ ಈಗಲೇ ಕೆಮ್ಮಿಬಿಡಿ. ಕಥೆಯ ನಡುವೆ ಕೆಮ್ಮಿದರೆ ನನಗೆ ಸಿಟ್ಟು ಬರುತ್ತದೆ. ಇದು ಕೆಮ್ಮಿನ ಕಥೆಯೇ ಆದ್ದರಿಂದ ಒಂದೆರಡು ಸಲ ಕ್ಷಮಿಸುತ್ತೇನೆ, ಅಷ್ಟೇ.

ಗುಂಡಗಲ್ಲು ಅಂತ ಒಂದು ರಾಜ್ಯವಿತ್ತು. ಸುತ್ತ ಬಂಡೆ, ಬಂಡೆಗಳ ಸಂದಿಯಲ್ಲಿ ಕುರುಚಲು ಗಿಡ, ನಡುವೆ ಒಂದು ಕೋಟೆ. ಕೋಟೆಯಲ್ಲಿ ಬೈಚರಸ ಅನ್ನುವ ರಾಜ, ಮಾಕಾಂಬೆ ಅನ್ನುವ ರಾಣಿ. ಅವರಿಗೆ ಒಬ್ಬಳೇ ಮಗಳು, ಪದುಮವ್ವ. ಅರಮನೆಯ ಹಿತ್ತಲಲ್ಲಿ ಕೆಂದಿ ಅನ್ನುವ ಒಂದು ಮುದಿ ಆಡು. ಆ ಕಾಲದಲ್ಲಿ ಆಡುಗಳು ಮಾತಾಡುತ್ತಿದ್ದವು. ಈಗಲೂ ಆಡುತ್ತವೆ, ಕೇಳುವ ವ್ಯವಧಾನ ನಮಗಿಲ್ಲ.

ರಾಜ ಒಳ್ಳೆಯವನು. ಆದರೆ ಆತುರದವನು. ಪಾಯಸ ಆರುವ ತನಕ ಕಾಯದೆ ನಾಲಿಗೆ ಸುಟ್ಟುಕೊಳ್ಳುವ ಜಾತಿ. ಒಂದು ಚಳಿಗಾಲ ಅವನಿಗೆ ಉಬ್ಬಸ ಹತ್ತಿತು. ಉಸಿರು ಒಳಗೆ ಹೋದರೆ ಹೊರಗೆ ಬಾರದು, ಹೊರಗೆ ಬಂದರೆ ಒಳಗೆ ಹೋಗದು. ಎದೆಯೊಳಗೆ ಬೆಕ್ಕಿನ ಮರಿ ಸಾಕಿದ ಹಾಗೆ ಗೊರಗೊರ ಸದ್ದು. ರಾಜ ಡಂಗುರ ಹೊಡೆಸಿದ. ಮೂರು ಜನ ಬಂದರು.

ಮೊದಲು ಬಂದವನು ಮೈಲಾರ ಪಂಡಿತ. ಅವನ ಅಪ್ಪ ಹಿರಿಯ ಪಂಡಿತರು ಉಬ್ಬಸದ ಮದ್ದಿಗೆ ಹೆಸರಾಗಿದ್ದವರು. ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಮಗನ ಕೈಯಲ್ಲೊಂದು ಮಡಕೆ, ಮಡಕೆಯ ಹೊಟ್ಟೆಗೆ ಮೂರು ಬೆರಳಲ್ಲಿ ಎಳೆದ ವಿಭೂತಿ. ವಿಭೂತಿ ಎಳೆಯದೆ ಅವನು ಮಡಕೆಗೆ ಒಂದು ತೊಟ್ಟು ಹೊಯ್ಯುವವನಲ್ಲ.

"ನಮ್ಮ ಮನೆತನದ ಎಲೆಯ ಕಷಾಯ ಪ್ರಭು. ಹೆಸರು ಮಾತ್ರ ಕೇಳಬೇಡಿ. ಹೆಸರು ಹೇಳಿದರೆ ಗುಣ ಹೋಗುತ್ತೆ," ಅಂದ.

ಆ ಸೀಮೆಯಲ್ಲಿ ಹಾಗೊಂದು ಪದ್ಧತಿ. ಮದ್ದಿನ ಗಿಡವನ್ನು ಮಾತಾಡದೆ ಕೀಳಬೇಕು. ಯಾರಿಗೂ ತೋರಿಸಬಾರದು. ಅಪ್ಪ ಸಾಯುವ ಗಳಿಗೆಯಲ್ಲಿ ಮಗನ ಕಿವಿಯಲ್ಲಿ ಹೆಸರು ಉಸುರಿ ಕಣ್ಣು ಮುಚ್ಚಬೇಕು. ಆದ್ದರಿಂದ ರಾಜನೂ ಹೆಸರು ಕೇಳಲಿಲ್ಲ.

ಎರಡನೆಯವನು ಗಾಣದ ಸಿದ್ದಪ್ಪ. "ಎದೆಗೆ ಬಿಸಿ ಎಣ್ಣೆ ತಿಕ್ತೀನಿ ಬುದ್ಧಿ," ಅಂದ.

ಮೂರನೆಯವಳು ಕುಲುಮೆಯ ನಿಂಗಜ್ಜಿ. ಕಮ್ಮಾರರ ಮನೆಯ ಮುದುಕಿ, ಹರೆಯದಿಂದಲೂ ತಿದಿ ಒತ್ತಿ ಬೆಂಕಿ ಊದಿದವಳು. ಬರಿಗೈಲಿ ಬಂದಿದ್ದಳು. "ಉಸ್ರು ಬಿಡೋದು ಕಲಿಸ್ತೀನಿ. ತುಂಬಿರೋ ತಿದಿಗೆ ಮತ್ತೆ ಗಾಳಿ ತುಂಬಕ್ಕಾಯ್ತದಾ? ಮೊದ್ಲು ಖಾಲಿ ಮಾಡ್ಬೇಕು," ಅಂದಳು.

ರಾಜನಿಗೆಲ್ಲಿಯ ತಾಳ್ಮೆ? "ಒಂದೊಂದಾಗಿ ನೋಡುತ್ತಾ ಕೂರಲು ನನಗೆ ಪುರುಸೊತ್ತಿಲ್ಲ. ಮೂರೂ ಒಟ್ಟಿಗೆ ಆಗಲಿ," ಅಂದುಬಿಟ್ಟ. ಬೆಳಿಗ್ಗೆ ಕಷಾಯ, ಮಧ್ಯಾಹ್ನ ಎಣ್ಣೆ, ಸಂಜೆ ಉಸಿರು. ಕಷಾಯ ಕುಡಿದಾಗಲೆಲ್ಲ ವಾಂತಿ. "ಕೆಟ್ಟದ್ದು ಹೊರಗೆ ಬಂತು," ಅಂತ ಪಂಡಿತ ತಲೆ ಆಡಿಸುತ್ತಿದ್ದ. ಹಾಗೂ ಹೀಗೂ ಚಳಿ ಮುಗಿಯಿತು, ಗಾಳಿ ತಿರುಗಿತು, ಉಬ್ಬಸ ಹೋಯಿತು.

"ಯಾರಿಂದ ವಾಸಿಯಾಯಿತು?" ಅಂತ ರಾಜ ಕೇಳಿದ.

"ನನ್ನ ಎಲೆಯಿಂದ," ಅಂದ ಪಂಡಿತ.

"ನನ್ನ ಎಣ್ಣೆಯಿಂದ," ಅಂದ ಸಿದ್ದಪ್ಪ.

"ನಂಗೇನ್ ಗೊತ್ತು ಬುದ್ಧಿ?" ಅಂದಳು ನಿಂಗಜ್ಜಿ. "ಮೂರು ಜನ ಒಂದೇ ಸಲ ಬಾಗ್ಲು ತಳ್ಳುದ್ರೆ ಯಾರ ಕೈಗೆ ತೆರೀತು ಅಂತ ಹೆಂಗೇಳಾನ?"

ಸತ್ಯ ಹೇಳಿದವಳಿಗೆ ಎಲೆ ಅಡಿಕೆ, ಎರಡು ಬಾಳೆಹಣ್ಣು ಸಿಕ್ಕಿತು. ಸಿದ್ದಪ್ಪನಿಗೂ ಅಷ್ಟೇ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುವ ಹಾಗೆ ಪಂಡಿತ ಅರಮನೆಯ ವೈದ್ಯನಾಗಿ ಕೂತ. ಅಪ್ಪ ಸಾಕಿದ್ದ ಮುದಿ ಆಡು ಅವನಿಗೆ ಬೇಡವಾಯಿತು. ಅದನ್ನು ಅರಮನೆಯ ಹಿತ್ತಲಿಗೆ ಅಟ್ಟಿದ. ಅದೇ ಕೆಂದಿ. ಪದುಮವ್ವ ಅದಕ್ಕೆ ದಿನವೂ ಸೊಪ್ಪು ತಿನ್ನಿಸಿ ಗೆಳತಿ ಮಾಡಿಕೊಂಡಳು.

ಮರುವರ್ಷ ಮತ್ತೆ ಚಳಿ ಬಂತು. ಈ ಸಲ ಉಬ್ಬಸ ಹತ್ತಿದ್ದು ಪದುಮವ್ವನಿಗೆ.

ಏಳು ವರ್ಷದ ಕೂಸು. ಓಡುವಂತಿಲ್ಲ, ನಗುವಂತಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಕಂಬಕ್ಕೆ ಒರಗಿ ಕೂತೇ ಇರುತ್ತಿದ್ದಳು. ಪಂಡಿತ ತನ್ನ ಮಡಕೆ ತಂದ. ಮಗು ಕುಡಿಯಿತು, ವಾಂತಿ ಮಾಡಿತು, ಸೊರಗಿತು.

"ಪಥ್ಯ ತಪ್ಪಿದೆ. ಮಗು ಹುಳಿ ಮುಟ್ಟಿದೆ," ಅಂದ ಪಂಡಿತ. ಹುಳಿ ನಿಲ್ಲಿಸಿದರು. ವಾಂತಿ ನಿಲ್ಲಲಿಲ್ಲ.

"ಕಣ್ಣಾಗಿದೆ. ದೃಷ್ಟಿ ತೆಗೀರಿ," ಅಂದ. ಮೆಣಸಿನಕಾಯಿ, ಉಪ್ಪು ನಿವಾಳಿಸಿ ಬೆಂಕಿಗೆ ಹಾಕಿದರು. ಆ ಘಾಟಿಗೆ ಮಗು ಇನ್ನಷ್ಟು ಕೆಮ್ಮಿತು.

"ಯಾರೋ ಗಿಡದ ಹೆಸರು ಆಡಿದ್ದಾರೆ. ಅದಕ್ಕೇ ಗುಣ ಹೋಗಿದೆ," ಅಂದ.

ರಾಣಿ ತಲೆಯೆತ್ತಿ ನೋಡಿದಳು. "ಯಾರಿಗೂ ಗೊತ್ತಿಲ್ಲದ ಹೆಸರನ್ನು ಯಾರು ಆಡಿದರು, ಪಂಡಿತರೇ?"

ಪಂಡಿತ ಎದ್ದು ನಿಂತ. "ಅದೆಲ್ಲ ನಿಮಗೆ ಅರ್ಥವಾಗದು ತಾಯಿ. ನಾಳೆಯಿಂದ ಕಷಾಯ ಇಮ್ಮಡಿ ಮಾಡೋಣ," ಅಂತ ಹೊರಟುಹೋದ.

ಇಮ್ಮಡಿ ಅನ್ನುವ ಮಾತು ಕೇಳಿ ರಾಣಿ ಮಗುವಿನ ಕಡೆ ನೋಡಿದಳು. ಒಂದು ಪಾಲಿಗೇ ಮಗು ಹೀಗೆ, ಎರಡು ಪಾಲಿಗೆ ಉಳಿದೀತೇ? ಕೊಡದಿದ್ದರೆ ಉಬ್ಬಸವೇ ಕೊಂದೀತೇ? ಕೊಟ್ಟರೂ ಭಯ, ಬಿಟ್ಟರೂ ಭಯ. ಕಷಾಯ ಸೋಸಿ ಉಳಿದ ಗಸಿಯನ್ನು ಹಿಡಿದು, ಏನು ಮಾಡುತ್ತಿದ್ದೇನೆ ಅನ್ನುವ ಅರಿವಿಲ್ಲದೆ ಹಿತ್ತಲಿಗೆ ಹೋಗಿ ಚೆಲ್ಲಿದಳು. ಕೆಂದಿ ಬಂದು ಗಬಗಬ ತಿಂದಿತು.

"ಚೆನ್ನಾಗದೆ," ಅಂದಿತು. "ಇನ್ನೊಂಚೂರು ಹಾಕ್ಬಾರ್ದಾ?"

"ಅದು ಮದ್ದಿನ ಎಲೆ ಕಣೇ. ಹಿರಿಯ ಪಂಡಿತರ ಮನೆತನದ ಎಲೆ," ಅಂದಳು ರಾಣಿ.

ಕೆಂದಿ ಮೆಲುಕು ಹಾಕುವುದನ್ನು ನಿಲ್ಲಿಸಿತು. "ಇದಾ? ಅವ್ವಾ, ನಾನು ಹುಟ್ಟಿ ಬೆಳೆದಿದ್ದು ಆ ಮುದುಕಪ್ಪನ ಹಿತ್ತಲಲ್ಲಿ. ಅವನು ಚೆಲ್ಲಿದ ಗಸೀನ ಹೊಟ್ಟೆ ಹಸ್ದು ಸಾಯಂಗಿದ್ರೂ ಮುಟ್ಲಿಲ್ಲ. ಅಂಥಾ ಕಹಿ, ಅಂಥಾ ನಾತ. ಆಡು ಮುಟ್ಟದ ಸೊಪ್ಪಿಲ್ಲ ಅಂತೀರಲ್ಲ, ಅದೊಂದ್ನ ನಾನು ಮುಟ್ಟಲ್ಲ. ಇದು ಅದಲ್ಲ."

"ಹಾಗಾದರೆ ಇದು ಯಾವ ಎಲೆ?"

"ಹೆಸ್ರು ಇಡೋದು ನಿಮ್ಮೋರ ಕೆಲ್ಸ. ನಂಗೆ ರುಚಿ ಗೊತ್ತು, ಅಷ್ಟೇಯ. ನಂಗೆ ಒಗ್ತು ಅಂತ ಕೂಸಿಗೆ ಒಗ್ತದೆ ಅನ್ಕೋಬ್ಯಾಡ. ನಾನು ಎಕ್ಕದೆಲೇನೂ ತಿಂತೀನಿ."

ರಾಣಿ ಅಲ್ಲಿಂದ ನೆಟ್ಟಗೆ ರಾಜನ ಹತ್ತಿರ ಹೋದಳು. ರಾಜ ನಂಬಲಿಲ್ಲ. "ಪಂಡಿತನ ಮಾತು ಬಿಟ್ಟು ಆಡಿನ ಮಾತು ಕೇಳಲೇ? ನನಗೆ ವಾಸಿಯಾಗಲಿಲ್ಲವೇ? ಅದಕ್ಕಿಂತ ಪರೀಕ್ಷೆ ಬೇಕೇ?"

"ನೀವು ಮೂರನ್ನೂ ಒಟ್ಟಿಗೆ ತೆಗೆದುಕೊಂಡಿರಿ," ಅಂದಳು ರಾಣಿ. "ಸಾರಿಗೆ ಉಪ್ಪು, ಹುಳಿ, ಖಾರ ಮೂರೂ ಹಾಕಿ, ರುಚಿ ಬಂದಿದ್ದು ಉಪ್ಪಿನಿಂದಲೇ ಅಂದರೆ ಯಾರಾದರೂ ಒಪ್ಪುತ್ತಾರೆಯೇ? ಮೇಲೆ ಚಳಿಯೂ ಮುಗಿದಿತ್ತು. ಮಗುವಿಗೆ ಇಮ್ಮಡಿ ಕೊಡುವ ಮೊದಲು ನನಗೆ ಸ್ವಲ್ಪ ದಿನ ಕೊಡಿ. ಪಂಡಿತರ ಮದ್ದೇ ಗೆದ್ದರೆ ನನ್ನ ಕೈಯಾರೆ ಕುಡಿಸುತ್ತೇನೆ."

"ಅಷ್ಟರಲ್ಲಿ ಮಗುವಿಗೆ ಏನಾದರೂ ಆದರೆ?" ಅಂದ ರಾಜ.

"ಆ ಭಯ ನಿಮಗೊಬ್ಬರಿಗೇ ಇದೆಯೇ?" ಅಂದಳು ರಾಣಿ. ಜೀವನದಲ್ಲಿ ಮೊದಲ ಸಲ ರಾಜ ಕಾಯಲು ಒಪ್ಪಿದ.

ಮಗುವಿನ ಕಷಾಯ ನಿಂತಿತು. ನಿಂಗಜ್ಜಿಯನ್ನು ಕರೆಸಿದರು. ಅಜ್ಜಿ ಪದುಮವ್ವನನ್ನು ಮಡಿಲಲ್ಲಿ ಕೂರಿಸಿಕೊಂಡು, "ನಮ್ಮ ತಿದಿ ಉಸ್ ಅಂತದಲ್ಲ, ಹಂಗೆ ಬಿಡು ಮಗಾ. ನಿಧಾನ. ತಗೋಳೋದು ತಾನೇ ಬತ್ತದೆ," ಅಂತ ಬೆನ್ನು ಸವರುತ್ತಾ ಕೂತಳು. ಉಬ್ಬಸ ಹೋಗಲಿಲ್ಲ. ಆದರೆ ಮಗುವಿನ ಕಣ್ಣಿನಲ್ಲಿದ್ದ ಗಾಬರಿ ಇಳಿಯಿತು.

ಇತ್ತ ಪರೀಕ್ಷೆ ಶುರುವಾಯಿತು. ಆ ವರ್ಷ ಕೋಟೆಯ ಕಾವಲಿನವರಲ್ಲೂ ಸುಮಾರು ಜನಕ್ಕೆ ಉಬ್ಬಸವಿತ್ತು. ರಾಣಿ ಅವರನ್ನು ಕರೆದು ಇದ್ದದ್ದು ಇದ್ದಂತೆ ಹೇಳಿದಳು. "ಒಂದು ಮಡಕೆಯಲ್ಲಿ ಪಂಡಿತರ ಮದ್ದು. ಇನ್ನೊಂದರಲ್ಲಿ ನಾನು ಕಾಯಿಸಿದ್ದು. ಯಾವುದು ಯಾರಿಗೆ ಅಂತ ಗೊತ್ತಾಗುವುದಿಲ್ಲ. ವಾಂತಿಯಾಗಬಹುದು. ಇಷ್ಟವಿದ್ದವರು ಮಾತ್ರ ಬನ್ನಿ."

"ನಮ್ಮ ಪದುಮವ್ವನಿಗೋಸ್ಕರ ತಾನೇ? ಕೊಡಿ ತಾಯಿ," ಅಂತ ಅವರು ಮುಂದೆ ಬಂದರು.

"ಗಟ್ಟಿಮುಟ್ಟಾದವರು ನನ್ನ ಕಡೆ ಇರಲಿ," ಅಂದ ಪಂಡಿತ.

"ಯಾರು ಯಾವ ಕಡೆ ಅಂತ ಗುಲಗಂಜಿ ಹೇಳಲಿ," ಅಂದಳು ರಾಣಿ. ಒಂದು ಗಡಿಗೆಯಲ್ಲಿ ಕೆಂಪು ಗುಲಗಂಜಿ, ಬಿಳಿ ಗುಲಗಂಜಿ ಬೆರೆಸಿಟ್ಟರು. ಒಬ್ಬೊಬ್ಬರೂ ಕಣ್ಣು ಮುಚ್ಚಿ ಒಂದೊಂದು ಎತ್ತಿದರು. ಕೆಂಪು ಬಂದವರು ಮೂಡಲ ಪಡಸಾಲೆಗೆ, ಬಿಳಿ ಬಂದವರು ಪಡುವಲ ಪಡಸಾಲೆಗೆ. ಎರಡೂ ಕಡೆ ಒಂದೇ ಗಂಜಿ, ಒಂದೇ ಹಾಸಿಗೆ. ಎರಡೂ ಕಡೆ ಸಂಜೆ ನಿಂಗಜ್ಜಿ ಬಂದು ಉಸಿರು ಬಿಡಿಸುತ್ತಿದ್ದಳು. ಬೇರೆ ಇದ್ದದ್ದು ಮಡಕೆ ಒಂದೇ.

ಪಂಡಿತ ತನ್ನ ಕಷಾಯವನ್ನು ತನ್ನ ಮಡಕೆಯಲ್ಲೇ ತಂದಿಟ್ಟು ಹೋದ. ಇನ್ನೊಂದು ಮಡಕೆಗೆ ರಾಣಿ ಬರೀ ಜೀರಿಗೆ ನೀರು ಹೊಯ್ದಳು. ಬಣ್ಣಕ್ಕೆ ಸುಟ್ಟ ಬೆಲ್ಲ, ಕಹಿಗೆ ಚಿಟಿಕೆ ಮೆಂತ್ಯ. ಆಮೇಲೆ ಎರಡಕ್ಕೂ ಬುಡದಿಂದ ಕೊರಳ ತನಕ ಬಟ್ಟೆ ಸುತ್ತಿ ಹೊಲಿದಳು. ಒಂದಕ್ಕೆ ಕೆಂಪು, ಒಂದಕ್ಕೆ ಬಿಳಿ. ಬಡಿಸುವವರಿಗೂ ಯಾವುದು ಯಾವುದೆಂದು ಗೊತ್ತಿಲ್ಲ. ಗೊತ್ತಿದ್ದದ್ದು ರಾಣಿಗೆ, ಅವಳು ಹೊಲಿಯುವಾಗ ಪಕ್ಕದಲ್ಲಿ ಮೆಲುಕು ಹಾಕುತ್ತಿದ್ದ ಕೆಂದಿಗೆ.

ಪಂಡಿತನಿಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ಅಗಸೆ ಸೊಪ್ಪಿನ ಕಟ್ಟು ಹಿಡಿದು ಹಿತ್ತಲಿಗೆ ಬಂದ. "ಕೆಂದೀ, ನನ್ನ ಮಡಕೆಗೆ ಯಾವ ಬಟ್ಟೆ?" ಕೆಂದಿ ಸೊಪ್ಪು ತಿಂದು, "ಮರ್ತೋಯ್ತು ಪಂಡಿತಪ್ಪ," ಅಂದಿತು. ಮಧ್ಯಾಹ್ನ ಹಲಸಿನ ಎಲೆ ತಂದ. ತಿಂದು, "ನಾಲ್ಗೆ ತುದೀಲದೆ, ಬತ್ತಾ ಇಲ್ಲ," ಅಂದಿತು. ಸಂಜೆ ಅವರೆಯ ಹಸಿ ಬಳ್ಳಿ ತಂದ. ಕೊನೆಯ ಕುಡಿಯನ್ನೂ ತಿಂದು ಮುಗಿಸಿ ಕೆಂದಿ ಅವನ ಕಿವಿಗೆ ಬಾಯಿಟ್ಟು ಹೇಳಿತು: "ಕೆಂಪು."

ಸುಳ್ಳು ಹೇಳಿತಲ್ಲ ಅಂತ ಯಾರೂ ಗೊಣಗಬೇಡಿ. ಲಂಚ ಕೊಟ್ಟು ಕೊಂಡ ಮಾತಿಗೆ ಸತ್ಯದ ಹೊಣೆ ಯಾರು ಹೊರುತ್ತಾರೆ?

ಅವತ್ತಿನಿಂದ ಪಂಡಿತ ಕೆಂಪಿನವರ ಪಡಸಾಲೆ ಬಿಟ್ಟು ಕದಲಲಿಲ್ಲ. ಅವರ ದಿಂಬು ಸರಿಮಾಡುವವನು ಅವನೇ, ಬೆನ್ನು ತಟ್ಟುವವನೂ ಅವನೇ. ಕೆಂಪಿನವರು ಸ್ವಲ್ಪ ಸ್ವಲ್ಪವೇ ಸುಧಾರಿಸಿಕೊಂಡರು. ಬಿಳಿಯವರು ಮೊದಲ ದಿನವೇ ವಾಂತಿ ಮಾಡಿಕೊಂಡರು, ಎರಡನೆಯ ದಿನ ತಲೆ ಎತ್ತಲಾರದೆ ಹೋದರು. ರಾಣಿ ಮೂರನೆಯ ದಿನಕ್ಕೆ ಕಾಯಲಿಲ್ಲ. ಬಿಳಿ ಬಟ್ಟೆಯ ಮಡಕೆ ನಿಲ್ಲಿಸಿ, ಅವರಿಗೆಲ್ಲ ಮಜ್ಜಿಗೆ ಕುಡಿಸಿ, ಸಭೆ ಕರೆಸಿದಳು.

ಪಂಡಿತ ಸಭೆಯಲ್ಲಿ ಎದ್ದು ನಿಂತ. "ಪ್ರಭು, ನೋಡಿದಿರಾ? ಕೆಂಪಿನವರ ಮುಖದ ಕಳೆ ನನ್ನ ಎಲೆಯ ಕಳೆ. ಬಿಳಿ ಮಡಕೆಯಲ್ಲಿರುವುದು ಮದ್ದಲ್ಲ, ವಿಷ. ಅದನ್ನು ಕಾಯಿಸಿದವರಿಗೆ ಅದನ್ನೇ ಕುಡಿಸಿ ಊರಾಚೆ ಅಟ್ಟಬೇಕು."

ರಾಜ ರಾಣಿಯ ಕಡೆ ನೋಡಿದ. "ನಿಶ್ಚಯವೇ ಪಂಡಿತರೇ?"

"ನಿಶ್ಚಯ ಪ್ರಭು."

"ಕಾಯಿಸಿದವರು ಯಾರೇ ಆಗಿದ್ದರೂ?"

"ಅರಮನೆಯವರೇ ಆಗಿದ್ದರೂ."

"ಇದು ನಿಮ್ಮದೇ ತೀರ್ಪೇ?"

"ನನ್ನದೇ ತೀರ್ಪು."

ರಾಣಿ ಕತ್ತರಿ ತೆಗೆದು ಕೆಂಪು ಬಟ್ಟೆಯ ಹೊಲಿಗೆ ಬಿಚ್ಚಿದಳು. ಬೋಳು ಮಡಕೆ. ಬಿಳಿ ಬಟ್ಟೆ ಬಿಚ್ಚಿದಳು. ಮಡಕೆಯ ಹೊಟ್ಟೆಯ ಮೇಲೆ ಮೂರು ಬೆರಳಿನ ವಿಭೂತಿ ಎದ್ದು ಕಾಣುತ್ತಿತ್ತು.

ಪಂಡಿತ ನಿಂತಲ್ಲೇ ಕುಸಿದ. ರಾಣಿ ಬಗ್ಗಿ ಮೆಲ್ಲಗೆ ಕೇಳಿದಳು. "ಪಂಡಿತರೇ, ಇದು ನಿಮ್ಮ ಅಪ್ಪನ ಎಲೆ ಅಲ್ಲ. ಅಲ್ಲವೇ?"

"ಅಲ್ಲ ತಾಯಿ. ಅಪ್ಪ ಹಾಸಿಗೆ ಹಿಡಿದಾಗ ನಾನು ಪಕ್ಕದ ಊರಿಗೆ ಕೋಳಿ ಜಗಳ ನೋಡೋಕೆ ಹೋಗಿದ್ದೆ. ಬರೋದರೊಳಗೆ ಬಾಯಿ ಕಟ್ಟಿತ್ತು. ಹೆಸರು ಅವರ ಜೊತೆಗೇ ಹೋಯಿತು. ಗೊತ್ತಿಲ್ಲ ಅನ್ನೋಕೆ ನಾಚಿಕೆ. ಹೆಸರು ಕೇಳಬಾರದು ಅನ್ನೋ ಪದ್ಧತಿ ಇತ್ತಲ್ಲ, ಯಾರೂ ಕೇಳಲಿಲ್ಲ. ಒಂದೊಂದು ಸಲ ಒಂದೊಂದು ಎಲೆ ಹಾಕಿದೆ. ಇದು ಹೌದೇನೋ, ಅದು ಹೌದೇನೋ ಅಂತ. ಮಗು ವಾಂತಿ ಮಾಡಿದಾಗಲೆಲ್ಲ ನಿಜ ಹೇಳಿಬಿಡೋಣ ಅನ್ನಿಸುತ್ತಿತ್ತು. ಆದರೂ ಬಾಯಿ ಬರಲಿಲ್ಲ." ಹೇಳಿ ಮುಗಿಸಿ ಅವನು ಒಂದು ದೊಡ್ಡ ಉಸಿರು ಬಿಟ್ಟ. ಹೊರೆ ಇಳಿಸಿದ ಹಮಾಲನ ಉಸಿರು ಅದು.

ರಾಜನ ಕೈ ಕತ್ತಿಯ ಕಡೆಗೆ ಹೋಯಿತು. ಅಷ್ಟರಲ್ಲಿ ಬಾಗಿಲಲ್ಲಿ ಕೆಂದಿ ಗಂಟಲು ಸರಿಮಾಡಿಕೊಂಡಿತು.

"ಅವನ್ನ ಆಮೇಲೆ ನೋಡ್ಕಳಿ. ಮುದುಕಪ್ಪ ಸೊಪ್ಪು ತರ್ತಿದ್ದ ಕುರುಚಲು ಇಲ್ಲೇ ಬಂಡೆ ಹಿಂದೆ ಅದೆ. ನನ್ನ ಹಗ್ಗ ಹಿಡ್ಕೊಂಡು ಬನ್ನಿ. ನಾನು ತಿಂದಿದ್ನೆಲ್ಲ ಬಿಡಿ. ಬಿಟ್ಟಿದ್ನ ಹಿಡೀರಿ."

ಹೊರಟಿತು ಮೆರವಣಿಗೆ. ಮುಂದೆ ಕೆಂದಿ, ಹಗ್ಗ ಹಿಡಿದು ಪಂಡಿತ, ಹಿಂದೆ ರಾಜ, ರಾಣಿ, ಊರಿಗೆ ಊರೇ. ಕೆಂದಿ ಲಕ್ಕಿ ಸೊಪ್ಪಿಗೆ ಬಾಯಿ ಹಾಕಿತು. ಜಾಲಿಗೆ ಹಾಕಿತು. ತಂಗಡಿಗೆ ಹಾಕಿತು. ಪಂಡಿತನ ಪಂಚೆಯ ಅಂಚಿಗೂ ಒಮ್ಮೆ ಹಾಕಿತು. ಕಡೆಗೆ ಒಂದು ಬಂಡೆಯ ಮಗ್ಗುಲಲ್ಲಿ ಉದ್ದುದ್ದ ಎಲೆಯ, ಬಿಳಿ ಹೂವಿನ ಒಂದು ಪೊದೆ. ಕೆಂದಿ ಮೂಸಿತು. ಸೀನಿತು. ಮೂತಿ ತಿರುವಿತು.

ಪಂಡಿತ ಒಂದು ಎಲೆ ಕಿತ್ತು ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದ. ಹಿಡಿದವನು ಅಲ್ಲೇ ಅಳತೊಡಗಿದ. "ಇದೇ ವಾಸನೆ. ನನ್ನ ಅಪ್ಪನ ಕೈಯ ವಾಸನೆ ಇದೇ," ಅಂದ.

"ಅಪ್ಪನ ಕೈಯ ವಾಸನೆ ಸಾಲದು," ಅಂದಳು ರಾಣಿ. "ಇದಕ್ಕೂ ಪರೀಕ್ಷೆ ಆಗಲಿ."

ಹಾಗೇ ಆಯಿತು. ಹಳೆಯ ಮಡಕೆಯನ್ನು ಬಂಡೆಗೆ ಒಡೆದರು. ಹೊಸ ಎಲೆಯ ಕಷಾಯವನ್ನು ಮೊದಲು ಕುಡಿದವನು ಪಂಡಿತನೇ. ಅವನಿಗೆ ಏನೂ ಆಗಲಿಲ್ಲ, ಮುಖ ಮಾತ್ರ ಕಿವುಚಿತು. ಆಮೇಲೆ ಮತ್ತೆ ಗುಲಗಂಜಿ, ಮತ್ತೆ ಎರಡು ಪಡಸಾಲೆ, ಮತ್ತೆ ಬಟ್ಟೆ ಸುತ್ತಿದ ಮಡಕೆ. ಈ ಸಲ ಕೆಂದಿಗೆ ಲಂಚ ಕೊಡಲು ಯಾರೂ ಬರಲಿಲ್ಲ. ಅದಕ್ಕೆ ಸ್ವಲ್ಪ ಬೇಜಾರಾಯಿತು. ಜೀರಿಗೆ ನೀರಿನವರಿಗೆ ನಿಂಗಜ್ಜಿಯ ಉಸಿರಿನಿಂದ ಕಾಲು ಭಾಗ ಹಿತವೆನಿಸಿತು. ಎಲೆಯವರಿಗೆ ಅದರ ಮೇಲೆ ಕಫವೂ ಕರಗಿತು. ಎಣ್ಣೆಯನ್ನೂ ಬಿಡಲಿಲ್ಲ, ಅದನ್ನೂ ಬೇರೆಯಾಗಿ ನೋಡಿದರು. ಎದೆಗೆ ಏನೂ ಗುಣ ಕಾಣಲಿಲ್ಲ, ಚರ್ಮ ಮಾತ್ರ ನಯವಾಯಿತು. ಸಿದ್ದಪ್ಪ ನಕ್ಕು ಒಪ್ಪಿಕೊಂಡ.

ಆಗ, ಆಗ ಮಾತ್ರ, ರಾಣಿ ಒಂದು ಪುಟ್ಟ ಒಳಲೆಯಲ್ಲಿ ಮಗುವಿನ ಅಳತೆಗೆ ತಕ್ಕಷ್ಟು ಕಷಾಯ, ಅದಕ್ಕೆ ಜೇನು ಬೆರೆಸಿ ಕುಡಿಸಿದಳು. ಪದುಮವ್ವ ಕುಡಿದಳು. ವಾಂತಿ ಬರಲಿಲ್ಲ. ಕೆಮ್ಮಿದಳು, ಕಫ ಬಿತ್ತು. ದಿನ ಕಳೆದಂತೆ ಎದೆಯೊಳಗಿನ ಬೆಕ್ಕಿನ ಮರಿಯ ಸದ್ದು ಇಳಿಯುತ್ತಾ ಬಂತು. ಒಂದು ಮಧ್ಯಾಹ್ನ ಅವಳು ಕಂಬ ಬಿಟ್ಟು, ಚಾಪೆಯ ಮೇಲೆ ಉದ್ದಕ್ಕೆ ಮಲಗಿ ನಿದ್ದೆ ಹೋದಳು. ಬಾಯಿ ಮುಚ್ಚಿತ್ತು, ಮೂಗಿನಲ್ಲಿ ಉಸಿರಾಡುತ್ತಿದ್ದಳು. ರಾಜ ಅವಳ ಪಕ್ಕದಲ್ಲಿ ಕೂತು ಆ ಸಣ್ಣ ಎದೆ ಏರುವುದನ್ನೂ ಇಳಿಯುವುದನ್ನೂ ನೋಡಿದ. ಆತುರದ ರಾಜ ಅವತ್ತು ಸಂಜೆಯ ತನಕ ಅಲ್ಲಿಂದ ಏಳಲಿಲ್ಲ. ರಾಣಿ ಹಿತ್ತಲಿಗೆ ಹೋಗಿ ಕೆಂದಿಯ ಕೊರಳು ತಬ್ಬಿಕೊಂಡು ಮನಸಾರೆ ಅತ್ತಳು. ಕೆಂದಿ ಅವಳ ಸೆರಗು ತಿನ್ನಲಿಲ್ಲ. ಅದು ಆಡಿನ ಮಟ್ಟಿಗೆ ದೊಡ್ಡ ಮರ್ಯಾದೆ.

ಪಂಡಿತನ ಗತಿ ಏನಾಯಿತು ಅಂತೀರಾ? ಊರಾಚೆ ಅಟ್ಟಬೇಕು ಅನ್ನುವುದು ಅವನದೇ ತೀರ್ಪು. ಆದರೆ ಎದ್ದು ಓಡಾಡುತ್ತಿದ್ದ ಪದುಮವ್ವ, "ಅವರು ಹೋದರೆ ಕೆಂದಿಯ ಹಗ್ಗ ಹಿಡಿಯೋರು ಯಾರು?" ಅಂತ ಕೇಳಿದಳು. ರಾಜ ಈ ಸಲ ಯೋಚಿಸಿ ತೀರ್ಪು ಕೊಟ್ಟ. ಮೈಲಾರ ಪಂಡಿತ ದಿನವೂ ಕೆಂದಿಯ ಹಿಂದೆ ಕುರುಚಲಿಗೆ ಹೋಗಬೇಕು. ಒಂದೊಂದು ಗಿಡ ತರಬೇಕು. ಇದು ಇಂಥ ಗಿಡ, ಇದರಿಂದ ಇಷ್ಟು ಆಗುತ್ತದೆ, ಇಷ್ಟು ಆಗುವುದಿಲ್ಲ, ಇಷ್ಟು ನನಗೆ ಗೊತ್ತಿಲ್ಲ ಅಂತ ಬೀದಿ ಬೀದಿಯಲ್ಲಿ ಕೂಗಿ ಹೇಳಬೇಕು.

ಮೊದಲ ದಿನ ಪಂಡಿತನ ದನಿಯೇ ಏಳಲಿಲ್ಲ. ಆಮೇಲೆ ಆಮೇಲೆ ಅವನ ಕೂಗು ಕೇಳಿದರೆ ಮಕ್ಕಳು ಓಡಿ ಬರುತ್ತಿದ್ದರು. 'ನನಗೆ ಗೊತ್ತಿಲ್ಲ' ಅನ್ನುವ ಮಾತನ್ನು ಅವನು ಎಲ್ಲಕ್ಕಿಂತ ಜೋರಾಗಿ ಕೂಗುತ್ತಿದ್ದ. ಅಷ್ಟು ಹಗುರವಾಗಿ ತಾನು ಎಂದೂ ನಿದ್ದೆ ಮಾಡಿರಲಿಲ್ಲ ಅಂತ ನಿಂಗಜ್ಜಿಯ ಹತ್ತಿರ ಹೇಳಿಕೊಂಡನಂತೆ. ಹೆಸರು ಊರಿಗೆಲ್ಲ ಗೊತ್ತಾದ ಮೇಲೂ ಆ ಎಲೆಯ ಗುಣ ಒಂದು ಕೂದಲಷ್ಟೂ ಕಡಿಮೆಯಾಗಲಿಲ್ಲ. ಆಡು ಬಿಟ್ಟ ಗಿಡ ಅಂತ ಊರವರೇ ಇಟ್ಟ ಆ ಹೆಸರು ಏನು ಗೊತ್ತೇ? ಆಡುಸೋಗೆ. ಕೇಳಿದೆವು ಅಂತ ನಾಳೆಯೇ ಕಿತ್ತು ಕುಡಿಯಬೇಡ್ರಪ್ಪ. ಬಲ್ಲವರನ್ನು ಕೇಳಿ. ರಾಣಿಯೇ ಎರಡು ಸಲ ನೋಡಿ ಕುಡಿಸಿದ್ದಾಳೆ, ನಿಮ್ಮದೇನು ಅವಸರ?

ಇದರ ನೀತಿ ಇಷ್ಟೇ ಮಕ್ಕಳೇ. ಹೆಸರು ಹೇಳಿದರೆ ಮದ್ದಿನ ಗುಣ ಹೋಗುವುದಿಲ್ಲ, ಮುಚ್ಚಿಟ್ಟರೆ ಹೋಗುತ್ತದೆ. ಒಳ್ಳೆಯ ಮದ್ದು ಪರೀಕ್ಷೆಗೆ ಹೆದರುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವವನು ಅರ್ಧ ವೈದ್ಯ, ಗೊತ್ತು ಅನ್ನುವ ಸುಳ್ಳುಗಾರ ಪೂರಾ ರೋಗ.

ಹಾಂ, ಈಗ ಎಲ್ಲರೂ ಒಂದು ಸಲ ನಿಧಾನವಾಗಿ ಉಸಿರು ಬಿಡಿ. ಬಿಟ್ಟಿರಾ? ಪದುಮವ್ವನೂ ಅವತ್ತು ಹಾಗೇ ಬಿಟ್ಟಳು. ಏಳಿ, ಊಟಕ್ಕೆ ಹೊತ್ತಾಯಿತು.